ಅಜ್ಜ-ಅಜ್ಜಿ ನಿಮ್ಮ ಹೀರೋ ಆಗಿದ್ರೆ, ಅವರಿಂದ ನಿಜವಾಗ್ಲೂ ಏನು ಕಲಿತ್ರಿ?

ಎಡಗೈಬರಹ

ಎಲ್ರಿಗೂ ನಮಸ್ಕಾರ. ನಿಮ್ಮ ಹೀರೋ ಯಾರು ಅಂತ ಕೇಳಿದ್ರೆ ಜನ ಆಟಗಾರರ ಹೆಸರು, ಸಿನಿಮಾದವರ ಹೆಸರು, ವಿಜ್ಞಾನಿಗಳ ಹೆಸರು ಹೇಳ್ತಾರೆ, ನನಗೆ ಮಾತ್ರ ಮೊದಲು ಬರೋದು ನಮ್ಮಜ್ಜನೇ. ಆದ್ರೆ ಅಜ್ಜ-ಅಜ್ಜಿ ಬಗ್ಗೆ ಮಾತು ಬಂದಾಗೆಲ್ಲ ನಾವು ಹೇಳೋದು ಒಂದೇ ಥರ ಆಗಿಬಿಡುತ್ತೆ, ತುಂಬಾ ಪ್ರೀತಿ ಮಾಡ್ತಿದ್ರು, ತುಂಬಾ ಕಷ್ಟಪಟ್ರು, ದೇವರಂಥವರು. ಸುಳ್ಳಲ್ಲ ಅದು, ಆದ್ರೆ ಅಷ್ಟೇ ಹೇಳಿದ್ರೆ ಆ ಮನುಷ್ಯ ಯಾರು ಅಂತ ಕೇಳೋರಿಗೆ ಗೊತ್ತೇ ಆಗಲ್ಲ. ಅದಕ್ಕೇ ಕೇಳ್ತಿದೀನಿ, ಅವರು ಮಾಡಿದ ಯಾವ ಒಂದು ಕೆಲಸ, ಯಾವ ಒಂದು ನಡವಳಿಕೆ ಇವತ್ತಿಗೂ ನಿಮ್ಮ ಕೈಯಲ್ಲಿ ಉಳಿದಿದೆ?

ನನ್ನದು ನಾನೇ ಮೊದಲು ಹೇಳ್ತೀನಿ. ಅಜ್ಜ ಲೆಕ್ಕಪತ್ರ ಬರೆಯೋ ಕೆಲಸದಲ್ಲಿದ್ದೋರು, ಅಕ್ಷರ ಅಚ್ಚು ಹಾಕಿದ ಹಾಗೆ. ರಿಟೈರ್ ಆಗಿ ಸುಮಾರು ವರ್ಷ ಆದ್ಮೇಲೆ ಸ್ಟ್ರೋಕ್ ಆಯ್ತು, ಮೆದುಳಿನ ಎಡಭಾಗದಲ್ಲಿ, ಹಾಗಾಗಿ ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿತು, ಮಾತೂ ತಡವರಿಸೋಕೆ ಶುರುವಾಯ್ತು. ಮನೆಗೆ ಬಂದು ಸ್ವಲ್ಪ ದಿನಕ್ಕೇ ನನ್ನ ಕರೆದು ಕೈಸನ್ನೆಯಲ್ಲಿ ಒಂದು ಕಾಪಿ ಪುಸ್ತಕ ತರಿಸಿದ್ರು, ಚಿಕ್ಕ ಮಕ್ಕಳು ದುಂಡಗೆ ಬರೆಯೋಕೆ ಇಟ್ಕೋತಾರಲ್ಲ ಆ ನಾಲ್ಕು ಗೆರೆಯದು. ದಿನಾ ಬೆಳಿಗ್ಗೆ ಎಡಗೈಯಲ್ಲಿ ಮೇಲೆ ತಾರೀಖು, ಕೆಳಗೆ ತಮ್ಮ ಹೆಸರು, ಪುಟ ತುಂಬೋವರೆಗೆ. ಬಲಗೈ ಪುಸ್ತಕ ಹಿಡ್ಕೊಳ್ಳೋ ಹಾಗಿರಲಿಲ್ಲ, ಪುಟ ಜಾರುತ್ತೆ ಅಂತ ಇಸ್ತ್ರಿ ಪೆಟ್ಟಿಗೆ ತರಿಸಿ ಪುಸ್ತಕದ ಮೂಲೆ ಮೇಲೆ ಇಟ್ಕೋತಿದ್ರು. ಮೊದಮೊದಲು ಅಕ್ಷರ ಗೆರೆ ದಾಟಿ ಎಲ್ಲೆಲ್ಲೋ ಹೋಗ್ತಿತ್ತು, ಒತ್ತಕ್ಷರ ಮೇಲಿನ ಅಕ್ಷರ ಬಿಟ್ಟು ದೂರ ಬೀಳ್ತಿತ್ತು, ಆದ್ರೆ ಒಂದು ಕಡೇನೂ ಗೀಚಿ ಹಾಕಿಲ್ಲ, ಅಳಿಸಿಲ್ಲ, ಕೆಟ್ಟದ್ದನ್ನ ಹಾಗೇ ಬಿಟ್ಟು ಪಕ್ಕದಲ್ಲೇ ಮತ್ತೆ ಬರೆದಿದಾರೆ. ಲೆಕ್ಕದ ಪುಸ್ತಕದಲ್ಲಿ ಅಳಿಸಬಾರದು, ತಪ್ಪಾದ್ರೆ ತಪ್ಪು ಕಾಣೋ ಹಾಗೇ ಬಿಟ್ಟು ಸರಿಯಾದ್ದು ಬರೀಬೇಕು, ಅವರು ಜೀವಮಾನ ಪೂರ್ತಿ ಪಾಲಿಸಿದ ನಿಯಮ ಅದು.

ಹೆಬ್ಬೆಟ್ಟು ಒತ್ತಿದ್ರೆ ಆಗ್ತಿತ್ತು, ಬ್ಯಾಂಕಿನವರೂ ಹಾಗೇ ಹೇಳಿದ್ರು. ಅವರು ಒಪ್ಪಲಿಲ್ಲ. ಎಡಗೈ ಸಹಿ ಒಂದೇ ಥರ ಬರೋಕೆ ಶುರುವಾದ್ಮೇಲೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದ್ರು.

ಅಜ್ಜ ನನಗೆ ಛಲ ಇರಬೇಕು ಅಂತ ಒಂದು ದಿನಾನೂ ಉಪದೇಶ ಮಾಡಿದೋರಲ್ಲ. ಆದ್ರೆ ನಾನು ಇವತ್ತು ಹೊಸದು ಏನಾದ್ರೂ ಕಲಿಯೋಕೆ ಕೂತು ಮೊದಲ ಸಲ ಕೆಟ್ಟದಾಗಿ ಬಂದ್ರೆ ಬಿಸಾಕಲ್ಲ, ತಾರೀಖು ಹಾಕಿ ಇಟ್ಕೋತೀನಿ. ನಿಮ್ಮದು ಹೇಳಿ.

ಮೂರನೇಮಹಡಿ

ಎಡಗೈಬರಹ ಅವರೇ ಇಸ್ತ್ರಿ ಪೆಟ್ಟಿಗೆ ಓದಿ ಕಣ್ಣು ತುಂಬಿ ಬಂತು, ನಿಜ.

ನನ್ನದು ಅಜ್ಜಿ. ಅಮ್ಮ ತೀರಿಕೊಂಡಾಗ ನಾವು ಮೂರು ಜನ ಮಕ್ಕಳು, ಕೊನೆಯವನಿಗೆ ಇನ್ನೂ ಮಾತು ಸರಿಯಾಗಿ ಬರ್ತಿರಲಿಲ್ಲ. ಅಜ್ಜಿಗೆ ಆಗಲೇ ಅರವತ್ತು ದಾಟಿತ್ತು, ಮಂಡಿನೋವು, ಒಂದು ಕಣ್ಣಿಗೆ ಪೊರೆ, ಮಗಳನ್ನ ಕಳ್ಕೊಂಡ ದುಃಖ ಬೇರೆ, ಅದನ್ನ ನಾವ್ಯಾರೂ ಆಗ ಯೋಚನೆ ಮಾಡಿರಲಿಲ್ಲ, ನಮಗೆ ಅಮ್ಮ ಹೋದ್ರು ಅಂತ ಇತ್ತೇ ಹೊರತು ಅಜ್ಜಿಗೆ ಮಗಳು ಹೋದಳು ಅಂತ ಹೊಳೆದಿದ್ದು ನಾನು ದೊಡ್ಡವಳಾದ್ಮೇಲೆ. ಮಕ್ಕಳನ್ನ ಸಾಕೋ ಕೆಲಸ ಒಂದು ಸಲ ಮುಗಿಸಿ ಕೂತಿದ್ದವರು ಮತ್ತೆ ಮೊದಲಿಂದ ಶುರು ಮಾಡಿದ್ರು.

ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಆದ್ರೂ ನಮ್ಮ ಓದು ನೋಡ್ಕೊಂಡಿದ್ದು ಅವರೇ. ಹೇಗೆ ಅಂದ್ರೆ ಸಂಜೆ ಪಾಠ ಜೋರಾಗಿ ಓದಿಸೋರು, ಕಣ್ಣು ಮುಚ್ಕೊಂಡು ಕೇಳೋರು. ನಾನು ಒಂದು ಪದ ಬರದೇ ಇದ್ರೆ ಏನೋ ಊಹೆ ಮೇಲೆ ಹೇಳಿ ಮುಂದೆ ಹೋಗ್ತಿದ್ದೆ, ತಕ್ಷಣ "ಅಲ್ಲಿ ನಿಂತೆ ನೋಡು, ಮತ್ತೆ ಓದು" ಅನ್ನೋರು. ಪುಸ್ತಕದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ, ಆದ್ರೆ ಗೊತ್ತಿದ್ದು ಓದೋ ದನಿ ಯಾವುದು, ಗೊತ್ತಿಲ್ಲದೆ ತೇಲಿಸೋ ದನಿ ಯಾವುದು ಅಂತ ಕಿವಿಯಲ್ಲೇ ಹಿಡೀತಿದ್ರು. ನಾನೀಗ ಟೀಚರ್. ಕ್ಲಾಸಲ್ಲಿ ಮಗು ಓದುವಾಗ ನಾನು ಪುಸ್ತಕ ನೋಡಲ್ಲ, ದನಿ ಕೇಳ್ತೀನಿ. ಟ್ರೈನಿಂಗಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ, ಹೇಳಿಕೊಟ್ಟಿದ್ದು ಅಕ್ಷರ ಬರದ ನಮ್ಮಜ್ಜಿ.

ದಾರಿಹೋಕ

ಇಬ್ಬರದೂ ಅದ್ಭುತ. ನಮ್ಮ ತಾತನ ಬಗ್ಗೆ ಬರೀಬೇಕು ಅಂತ ಟೈಪ್ ಮಾಡಿ ಅಳಿಸಿ ಟೈಪ್ ಮಾಡಿ ಅಳಿಸ್ತಿದೀನಿ, "ಒಳ್ಳೆಯವರು" ಬಿಟ್ರೆ ಬೇರೆ ಪದ ಬರ್ತಿಲ್ಲ. ಇವತ್ತು ಅಪ್ಪನ್ನ ಕೇಳ್ತೀನಿ.

ಸಂಜೆಗಾಳಿ

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ.

ನಮ್ಮ ತಾತ ನನಗೆ ಹೀರೋ. ಸೈಕಲ್ ಕಲಿಸಿದ್ದು, ಚೆಸ್ ಕಲಿಸಿದ್ದು, ಮ್ಯಾಪ್ ನೋಡೋದು ಕಲಿಸಿದ್ದು ಎಲ್ಲಾ ಅವರೇ. ನಾನು ಎಂಜಿನಿಯರಿಂಗ್ ಸೇರೋವಾಗ ಮನೆಯಲ್ಲಿ ಎಲ್ಲರೂ ಹಿಂದೆಮುಂದೆ ನೋಡಿದಾಗ "ಅವಳು ಓದ್ತಾಳೆ, ಓದಲಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ದು ಅವರೇ. ಆದ್ರೆ ಇದೇ ತಾತ ನಮ್ಮಮ್ಮನ್ನ ಕಾಲೇಜು ಬಿಡಿಸಿದ್ರು. ಅಮ್ಮ ಕ್ಲಾಸಿಗೇ ಫಸ್ಟ್ ಬರ್ತಿದ್ರಂತೆ. ಹೆಣ್ಣುಮಕ್ಕಳಿಗೆ ಇಷ್ಟು ಸಾಕು ಅಂತ ನಿಲ್ಲಿಸಿದ್ರು, ಕಾರಣ ಕೇಳೋ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾವೆಲ್ಲ ಸೇರಿ ತಾತನ ಗುಣಗಾನ ಮಾಡುವಾಗ ಅಮ್ಮ ಏನೂ ಮಾತಾಡಲ್ಲ, ಎದ್ದು ಒಳಗೆ ಹೋಗ್ತಾರೆ, ಇಲ್ಲಾ ಫೋನ್ ನೋಡ್ತಾ ಕೂರ್ತಾರೆ. ಈಗ ನಾನು ಅವರನ್ನ ಹೀರೋ ಅಂತ ಹೇಗೆ ಹೇಳ್ಲಿ? ಹೇಳಿದ್ರೆ ಅಮ್ಮನಿಗೆ ಅನ್ಯಾಯ, ಹೇಳದಿದ್ರೆ ನನ್ನ ತಾತ ನನಗೆ ಕೊಟ್ಟಿದ್ದಕ್ಕೆ ಅನ್ಯಾಯ.

ಮೂರನೇಮಹಡಿ

ಸಂಜೆಗಾಳಿ, ನೀವು ಕೇಳಿದ್ದು ದೊಡ್ಡ ಪ್ರಶ್ನೆ. ತಾತನ್ನ ಹೊಗಳೋ ಮೊದಲು ಅಮ್ಮನ ಮಾತು ಒಂದ್ಸಲ ಪೂರ್ತಿ ಕೇಳಿ ಅಂತ ಅನ್ಸುತ್ತೆ ನನಗೆ. ಬುದ್ಧಿ ಹೇಳ್ತಿಲ್ಲಮ್ಮ, ಕೇಳೋರೇ ಯಾರೂ ಇರಲಿಲ್ಲವೇನೋ ಅವರಿಗೆ.

ತಿಮಿಂಗಿಲಪ್ರಿಯ

ಸಂಜೆಗಾಳಿ ಅವರೇ, ನಿಮ್ಮ ಪ್ರಶ್ನೆಗೆ ಹತ್ತಿರ ಇರೋ ಒಂದು ಸಂಶೋಧನೆ ಇದೆ. ಅಮೆರಿಕದ ಎಮರಿ ಯೂನಿವರ್ಸಿಟಿಯ ಜೇಮ್ಸ್ ರಿಲ್ಲಿಂಗ್ ಅನ್ನೋರು 50 ಜನ ಅಜ್ಜಿಯರನ್ನ ಎಂಆರ್‌ಐ ಮೆಷಿನ್‌ನಲ್ಲಿ ಮಲಗಿಸಿ ಫೋಟೋ ತೋರಿಸಿದ್ರು, 2021ರಲ್ಲಿ ಪ್ರಕಟ ಆಯ್ತು. ಮೊಮ್ಮಗುವಿನ ಫೋಟೋ ನೋಡಿದಾಗ, ಆ ಮಗುಗೆ ಅನಿಸಿದ್ದು ತಮಗೇ ಅನಿಸೋ ಹಾಗೆ ಮಾಡೋ ಭಾಗಗಳು ಮೆದುಳಲ್ಲಿ ಚುರುಕಾದವು, ಮಗು ನಗ್ತಿದ್ರೆ ಇವರಿಗೂ ಖುಷಿ, ಅಳ್ತಿದ್ರೆ ಇವರಿಗೂ ಸಂಕಟ. ಅದೇ ತಾವು ಹೆತ್ತ, ಈಗ ದೊಡ್ಡವರಾಗಿರೋ ಮಕ್ಕಳ ಫೋಟೋ ನೋಡಿದಾಗ ಹೆಚ್ಚು ಚುರುಕಾಗಿದ್ದು ಬೇರೆ ಭಾಗ, ಇವರು ಏನು ಯೋಚನೆ ಮಾಡ್ತಿದಾರೆ, ಯಾಕೆ ಹೀಗೆ ಅಂತ ಬುದ್ಧಿಯಿಂದ ಅರ್ಥ ಮಾಡ್ಕೊಳ್ಳೋಕೆ ಬಳಸೋದು. ಅದು ಅಜ್ಜಿಯರ ಮೇಲೆ ಮಾಡಿದ್ದು, ತಾತಂದಿರ ಮೇಲಲ್ಲ, ಫೋಟೋ ನೋಡೋದಕ್ಕೂ ಕಾಲೇಜು ಬಿಡಿಸೋದಕ್ಕೂ ಬಹಳ ದೂರ ಅಂತಾನೂ ಗೊತ್ತು. ಆದ್ರೂ ಒಬ್ಬರೇ ಮನುಷ್ಯ ಮಗಳ ಹತ್ರ ಒಂದು ಥರ, ಮೊಮ್ಮಗಳ ಹತ್ರ ಇನ್ನೊಂದು ಥರ ಇರೋಕೆ ಸಾಧ್ಯ, ಅದು ನಾಟಕ ಆಗಿರಬೇಕಿಲ್ಲ ಅನ್ನೋದಕ್ಕೆ ಇದು ಒಂದು ಸುಳಿವು.

ಇನ್ನು ನನ್ನ ಇಷ್ಟದ ವಿಷಯ, ಹೇಳದೆ ಬಿಡೋಕಾಗಲ್ಲ. ಅಜ್ಜಿಯರು ಮನುಷ್ಯಕುಲದಲ್ಲಿ ಯಾಕಿದಾರೆ ಅನ್ನೋದೇ ವಿಜ್ಞಾನಿಗಳಿಗೆ ಒಂದು ಒಗಟು. ಹೆಚ್ಚಿನ ಪ್ರಾಣಿಗಳಲ್ಲಿ ಹೆಣ್ಣು ಮರಿ ಹಾಕೋ ವಯಸ್ಸು ಮುಗಿದ ಮೇಲೆ ಜಾಸ್ತಿ ಕಾಲ ಬದುಕಲ್ಲ. ಮನುಷ್ಯರಲ್ಲಿ ಮುಟ್ಟು ನಿಂತ ಮೇಲೂ ಎಷ್ಟೋ ದಶಕ ಬದುಕ್ತಾರೆ. ಯಾಕೆ? ಕ್ರಿಸ್ಟನ್ ಹಾಕ್ಸ್ ಅನ್ನೋ ಮಾನವಶಾಸ್ತ್ರಜ್ಞೆ ಮತ್ತೆ ಅವರ ಜೊತೆಯವರು ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಕಿತ್ತು ಬದುಕೋ ಹಡ್ಜಾ ಜನರ ಮಧ್ಯೆ ಇದ್ದು ನೋಡಿದ್ರು. ವಯಸ್ಸಾದ ಹೆಂಗಸರು ಗಟ್ಟಿ ನೆಲ ಅಗೆದು ಗೆಡ್ಡೆ ಕೀಳೋದ್ರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ತಾಯಿಗೆ ಇನ್ನೊಂದು ಎಳೆಗೂಸು ಹುಟ್ಟಿ ಕೈ ಕಟ್ಟಿ ಹಾಕಿದ ಹಾಗಾದಾಗ, ದೊಡ್ಡ ಮಗು ಚೆನ್ನಾಗಿ ಬೆಳೀತಾ ಇಲ್ವಾ ಅನ್ನೋದು ಅಜ್ಜಿ ಎಷ್ಟು ದುಡೀತಾಳೆ ಅನ್ನೋದರ ಮೇಲೆ ನಿಲ್ತಿತ್ತು. ಇದನ್ನಿಟ್ಕೊಂಡು ಅವರು 1998ರಲ್ಲಿ ಅಜ್ಜಿ ಸಿದ್ಧಾಂತ ಮುಂದಿಟ್ರು, ಅಜ್ಜಿ ದುಡಿದದ್ದರಿಂದ ಮೊಮ್ಮಕ್ಕಳು ಉಳಿದ್ರು, ಹಾಗೇ ದೀರ್ಘಾಯುಷ್ಯ ತಲೆಮಾರಿಂದ ತಲೆಮಾರಿಗೆ ಬಂತು ಅಂತ. ಎಲ್ಲಾ ವಿಜ್ಞಾನಿಗಳೂ ಒಪ್ಪಿದಾರೆ ಅಂತಲ್ಲ, ಚರ್ಚೆ ಇನ್ನೂ ಇದೆ.

ಓರ್ಕಾ ತಿಮಿಂಗಿಲಗಳಲ್ಲೂ ಹೀಗೇನೆ. ಹೆಣ್ಣು ಓರ್ಕಾ ಸುಮಾರು 40 ವರ್ಷಕ್ಕೆ ಮರಿ ಹಾಕೋದು ನಿಲ್ಲಿಸುತ್ತೆ, ಆಮೇಲೂ ಹಲವು ದಶಕ ಬದುಕುತ್ತೆ. ಮೀನು ಕಮ್ಮಿ ಇರೋ ವರ್ಷಗಳಲ್ಲಿ ಗುಂಪಿನ ಮುಂದೆ ಈಜಿ ದಾರಿ ತೋರಿಸೋದು ಇವೇ ಮುದುಕಿಯರು. ಅಜ್ಜಿ ಸತ್ತುಹೋದ್ರೆ ಮುಂದಿನ ಒಂದೆರಡು ವರ್ಷ ಮೊಮ್ಮರಿಗಳು ಸಾಯೋ ಸಾಧ್ಯತೆ ಜಾಸ್ತಿ, ಅದರಲ್ಲೂ ಸಾಲ್ಮನ್ ಮೀನು ಕಮ್ಮಿ ಇದ್ದಾಗ, ಅಂತ 2019ರಲ್ಲಿ ಬಂದ ಅಧ್ಯಯನ ತೋರಿಸ್ತು. ಮೂರನೇಮಹಡಿ ಅವರ ಅಜ್ಜಿ ಕಥೆ ಓದ್ತಾ ನನಗೆ ಇದೇ ನೆನಪಾಯ್ತು, ಕಷ್ಟದ ವರ್ಷದಲ್ಲಿ ಮುಂದೆ ನಿಂತೋರು.

ಹಳೇಪೆಟ್ಟಿಗೆ

ನಾನು ನನ್ನ ತಾತನ್ನ ನೋಡೇ ಇಲ್ಲ, ನಾನು ಹುಟ್ಟೋಕೆ ಮುಂಚೆನೇ ಹೋದ್ರು. ಫೋಟೋ ಕೂಡ ಒಂದೇ ಒಂದು, ಅದರಲ್ಲೂ ಮುಖ ಅರ್ಧ ನೆರಳಲ್ಲಿ. ಆದ್ರೆ ಅವರ ಟೂಲ್ಸ್ ಬೋರ್ಡ್ ಇದೆ. ಗೋಡೆಗೆ ಹಾಕಿದ ಹಲಗೆ, ಅದರ ಮೇಲೆ ಪ್ರತಿಯೊಂದು ಸಾಮಾನಿನ ಆಕಾರ ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದು ಇಟ್ಟಿದಾರೆ, ಸ್ಪ್ಯಾನರ್ ಜಾಗದಲ್ಲಿ ಸ್ಪ್ಯಾನರ್, ಉಳಿ ಜಾಗದಲ್ಲಿ ಉಳಿ. ಯಾವುದು ವಾಪಸ್ ಬಂದಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ಒಂದು ಆಕಾರ ಮಾತ್ರ ಯಾವಾಗ್ಲೂ ಖಾಲಿ, ಚಿಕ್ಕ ಸುತ್ತಿಗೆಯದು. ಅಪ್ಪನ್ನ ಕೇಳಿದ್ರೆ, ಯಾರೋ ಕಷ್ಟದಲ್ಲಿದ್ದೋರು ಕೇಳ್ಕೊಂಡು ಹೋದ್ರು, ತಾತ ವಾಪಸ್ ಕೇಳಲೇ ಇಲ್ಲ, ಆ ಗೆರೆ ಮೇಲೆ ಬೇರೆ ಸಾಮಾನು ನೇತುಹಾಕೋಕೂ ಬಿಡಲಿಲ್ಲ, ಅವನು ತಂದ್ರೆ ಎಲ್ಲಿಡ್ತೀರಾ ಅಂತಿದ್ರಂತೆ. ನೋಡದೆ ಇರೋ ಮನುಷ್ಯನ ಬಗ್ಗೆ ಇಷ್ಟು ಗೊತ್ತಾಗಿದ್ದು ನನಗೆ ಸಾಕು ಅನ್ಸಲ್ಲ, ಇನ್ನೂ ಬೇಕು ಅನ್ಸುತ್ತೆ. ಈಗ ಅವರ ಜೊತೆ ಕೆಲಸ ಮಾಡಿದ ಒಬ್ಬರು ಮುದುಕರು ಸಿಕ್ಕಿದಾರೆ, ಫೋನಲ್ಲಿ ಮಾತಾಡ್ತಿರ್ತೀನಿ.

ನೈಟ್‌ಡ್ಯೂಟಿ

ನಾನು ನರ್ಸ್, ವಯಸ್ಸಾದವರ ವಾರ್ಡ್‌ನಲ್ಲೇ ಜಾಸ್ತಿ ಕೆಲಸ. ಇಲ್ಲಿ ಎಲ್ಲರೂ "ಕೇಳಿ ತಿಳ್ಕೊಳ್ಳಿ" ಅಂತಿದೀರಾ, ಕೇಳೋದು ಹೇಗೆ ಅಂತ ನಾನು ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಮೊಮ್ಮಕ್ಕಳು ಪ್ರೀತಿಯಿಂದ ಬಂದು ಕೂತು ಹತ್ತು ನಿಮಿಷಕ್ಕೆ ಇಬ್ಬರಿಗೂ ಸುಸ್ತಾಗಿ ಎದ್ದು ಹೋಗೋದು ದಿನಾ ನೋಡ್ತೀನಿ.

ಮೊದಲನೇದು ಕಿವಿ. ವಯಸ್ಸಾದಾಗ ಮೊದಲು ಹೋಗೋದು ಕೀಚಲು ದನಿ, ಅಂದ್ರೆ ಸ, ಫ, ತ ಥರದ ಶಬ್ದಗಳು, ಹಾಗಾಗಿ ದನಿ ಕೇಳುತ್ತೆ, ಮಾತು ಅರ್ಥ ಆಗಲ್ಲ. ಕಿರುಚಿದ್ರೆ ಇನ್ನೂ ಕೆಡುತ್ತೆ, ಕಿರುಚುವಾಗ ದನಿ ಮೇಲಕ್ಕೆ ಹೋಗುತ್ತಲ್ಲ. ಎದುರಿಗೆ ಕೂತ್ಕೊಳ್ಳಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ದನಿ ತಗ್ಗಿಸಿ ನಿಧಾನಕ್ಕೆ ಮಾತಾಡಿ, ಟಿವಿ ಆಫ್ ಮಾಡಿ. ಎಷ್ಟೋ ತಾತಂದಿರು "ಏನೂ ನೆನಪಿಲ್ಲ ಬಿಡು" ಅನ್ನೋದು ನೆನಪಿಲ್ಲ ಅಂತ ಅಲ್ಲ, ಪ್ರಶ್ನೆ ಕೇಳಿಸಿಲ್ಲ, ಮತ್ತೆ ಕೇಳೋಕೆ ಸಂಕೋಚ.

ಆಮೇಲೆ ಪ್ರಶ್ನೆ. "ನಿಮ್ಮ ಜೀವನದ ಬಗ್ಗೆ ಹೇಳಿ ತಾತ" ಅಂದ್ರೆ ಯಾರೂ ಹೇಳಲ್ಲ, ನಮಗೇ ಯಾರಾದ್ರೂ ಹಾಗೆ ಕೇಳಿದ್ರೆ ನಾವೇನು ಹೇಳ್ತೀವಿ? ಚಿಕ್ಕದು ಕೇಳಿ. ಮೊದಲ ಸಂಬಳದಲ್ಲಿ ಏನು ತಗೊಂಡ್ರಿ, ಮಲಗ್ತಿದ್ದ ಜಾಗ ಯಾವುದು, ಪಕ್ಕದಲ್ಲಿ ಯಾರು ಮಲಗ್ತಿದ್ರು, ಯಾರನ್ನ ಕಂಡ್ರೆ ಹೆದರಿಕೆ ಇತ್ತು. ಹಳೇ ಫೋಟೋ ಇಲ್ಲಾ ಯಾವುದಾದ್ರೂ ಸಾಮಾನು ಕೈಗೆ ಕೊಡಿ, ಹಳೇಪೆಟ್ಟಿಗೆ ಅವರ ಮನೆಯಲ್ಲಿ ಆ ಖಾಲಿ ಗೆರೆ ಒಂದೇ ಒಂದು ಕಥೆ ಹೇಳಿಸ್ತು ನೋಡಿ. ಹೆಚ್ಚಿನವರಿಗೆ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ನಡೆದಿದ್ದು ಬೇರೆಲ್ಲಕ್ಕಿಂತ ಚೆನ್ನಾಗಿ ನೆನಪಿರುತ್ತೆ, ಅಲ್ಲಿಂದ ಶುರು ಮಾಡಿ.

ಮರೆವಿನ ಕಾಯಿಲೆ ಇದ್ರೂ ಕೇಳಬಹುದು. ಆಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ಹೊಸ ನೆನಪು, ಹಳೇದು ತುಂಬಾ ಕಾಲ ಉಳಿಯುತ್ತೆ. ತಾರೀಖು ತಪ್ಪು ಹೇಳಿದ್ರೆ ತಿದ್ದೋಕೆ ಹೋಗ್ಬೇಡಿ, ಪರೀಕ್ಷೆ ಮಾಡ್ತಿದಾರೆ ಅನ್ನಿಸಿಬಿಟ್ರೆ ಮಾತು ಅಲ್ಲಿಗೇ ನಿಂತುಬಿಡುತ್ತೆ. ಹಿಂದೆಲ್ಲ ಮುದುಕರು ಹಳೇದನ್ನೇ ಮಾತಾಡ್ತಿದ್ರೆ ಅದು ತಲೆ ಕೆಟ್ಟಿರೋ ಲಕ್ಷಣ ಅಂತ ಡಾಕ್ಟರುಗಳೇ ಅನ್ಕೋತಿದ್ರು, 1963ರಲ್ಲಿ ರಾಬರ್ಟ್ ಬಟ್ಲರ್ ಅನ್ನೋ ಮನೋವೈದ್ಯರು ಅದು ಕಾಯಿಲೆ ಅಲ್ಲ, ಬದುಕನ್ನ ಒಂದ್ಸಲ ತಿರುಗಿ ನೋಡಿ ಲೆಕ್ಕ ಚುಕ್ತಾ ಮಾಡ್ಕೊಳ್ಳೋ ಸಹಜ ಕೆಲಸ ಅಂತ ಬರೆದ್ರು. ನಮ್ಮ ವಾರ್ಡಲ್ಲಿ ರಾತ್ರಿ ಅದನ್ನೇ ನೋಡ್ತೀನಿ. ಯಾರಾದ್ರೂ ಕೇಳೋರು ಸಿಕ್ಕ ದಿನ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತೆ, ಇದು ನನ್ನ ಅನುಭವ.

ಎಡಗೈಬರಹ ಅವರು ಸ್ಟ್ರೋಕ್ ವಿಷಯ ಎತ್ತಿದ್ರಿಂದ ಒಂದು ಮಾತು. ಮುಖ ಒಂದು ಕಡೆ ಸೊಟ್ಟಗಾಗೋದು, ಒಂದು ಕೈ ಎತ್ತೋಕಾಗದೆ ಇರೋದು, ಮಾತು ತೊದಲೋದು, ಇವು ದಿಢೀರಂತ ಕಂಡ್ರೆ ಮಲಗಿ ಎದ್ರೆ ಸರಿಹೋಗುತ್ತೆ ಅಂತ ಬಿಡ್ಬೇಡಿ, ಆಂಬುಲೆನ್ಸ್ ಕರೀರಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ದಾರಿಹೋಕ

ನೈಟ್‌ಡ್ಯೂಟಿ ಅಕ್ಕಾ ಥ್ಯಾಂಕ್ಸ್, ಸ್ಕ್ರೀನ್‌ಶಾಟ್ ತಗೊಂಡೆ. "ಯಾರನ್ನ ಕಂಡ್ರೆ ಹೆದರಿಕೆ" ಸೂಪರ್ ಪ್ರಶ್ನೆ.

ನಿವೃತ್ತ

ನಾನು ಸ್ವತಃ ತಾತ, ನನಗೆ ನಾಲ್ಕು ಜನ ಮೊಮ್ಮಕ್ಕಳು. ನಿಮ್ಮೆಲ್ಲರ ಮಾತು ಓದ್ತಾ ಕೂತಿದ್ದೆ, ನಮ್ಮ ಕಡೆಯಿಂದಾನೂ ಒಂದೆರಡು ಹೇಳ್ತೀನಿ.

ನಮ್ಮನ್ನ ಗೌರವ ಮಾಡ್ತೀರಿ, ಸಂತೋಷ. ಆದ್ರೆ ಗೌರವದ ಹೆಸರಲ್ಲಿ ನಮ್ಮ ಕೈಯಿಂದ ಎಲ್ಲಾ ಕೆಲಸ ಕಿತ್ಕೊಂಡು ಮೂಲೆಯಲ್ಲಿ ಕೂರಿಸ್ತೀರಲ್ಲ, ತಾತ ನೀವು ಸುಮ್ಮನೆ ಕೂತ್ಕೊಳ್ಳಿ, ಅಜ್ಜಿ ನೀವು ಎದ್ದೇಳ್ಬೇಡಿ ಅಂತ, ಅದು ಬಹಳ ನೋಯಿಸುತ್ತೆ. ನನ್ನ ದೊಡ್ಡ ಮೊಮ್ಮಗ ಮಾತ್ರ ಬಂದಾಗೆಲ್ಲ ಏನಾದ್ರೂ ಕೆಲಸ ತರ್ತಾನೆ. ಇಂಟರ್‌ವ್ಯೂಗೆ ಹೋಗ್ತಿದೀನಿ ತಾತ ನೀವು ಪ್ರಶ್ನೆ ಕೇಳಿ, ಈ ಅಗ್ರಿಮೆಂಟ್ ಓದಿ ನೋಡಿ, ಈ ಶರ್ಟಿನ ಗುಂಡಿ ಹೊಲಿಯೋದು ಹೇಗೆ. ಅವನು ಹೋದ ಮೇಲೂ ನಾನು ಅಗ್ರಿಮೆಂಟಿನ ಬಗ್ಗೆ ಯೋಚನೆ ಮಾಡ್ತಿರ್ತೀನಿ. ತಿಮಿಂಗಿಲಪ್ರಿಯ ಅವರೇ, ಇದರ ಬಗ್ಗೆಯೂ ಸಂಶೋಧನೆ ಇದೆಯಾ? ಕುತೂಹಲಕ್ಕೆ ಕೇಳ್ತಿದೀನಿ.

ತಿಮಿಂಗಿಲಪ್ರಿಯ

ಇದೆ ಸರ್. ಬಾಸ್ಟನ್ ಕಾಲೇಜಿನ ಸಾರಾ ಮೂರ್‌ಮನ್ ಮತ್ತೆ ಜೆಫ್ರಿ ಸ್ಟೋಕ್ಸ್ ಅನ್ನೋ ಸಮಾಜಶಾಸ್ತ್ರಜ್ಞರು 1985ರಿಂದ 2004ರವರೆಗಿನ ಮಾಹಿತಿ ಇಟ್ಕೊಂಡು ಅಜ್ಜ-ಅಜ್ಜಿ ಮತ್ತೆ ದೊಡ್ಡವರಾದ ಮೊಮ್ಮಕ್ಕಳ ಸಂಬಂಧ ನೋಡಿದ್ರು. ಇಬ್ಬರ ಮಧ್ಯೆ ಒಳ್ಳೇ ಒಡನಾಟ ಇದ್ರೆ ಇಬ್ಬರಲ್ಲೂ ಖಿನ್ನತೆಯ ಲಕ್ಷಣ ಕಮ್ಮಿ. ನೀವು ಹೇಳಿದ್ದೇ ಅದರಲ್ಲೂ ಬಂತು, ಸಹಾಯ ಬರೀ ತಗೊಳ್ತಾ, ತಿರುಗಿ ಏನೂ ಕೊಡೋಕೆ ಅವಕಾಶ ಇಲ್ಲದ ಅಜ್ಜ-ಅಜ್ಜಿಯರಲ್ಲೇ ಆ ಲಕ್ಷಣ ಹೆಚ್ಚಾಗಿದ್ದು. ಕೈಲಾದ ಸಹಾಯ ತಾವೂ ತಿರುಗಿ ಮಾಡ್ತಿದ್ದೋರು ಚೆನ್ನಾಗಿದ್ರು. ನಿಮ್ಮ ಮೊಮ್ಮಗ ಅದನ್ನ ಓದದೇನೇ ಮಾಡ್ತಿದಾನೆ.

ಮಳೆನಕ್ಷತ್ರ

ದೊಡ್ಡವರ ಬದುಕಲ್ಲೂ ಇಂಥದ್ದು ನೋಡಬಹುದು. ಬರಾಕ್ ಒಬಾಮಾ ಹುಡುಗನಾಗಿದ್ದಾಗ ವರ್ಷಗಟ್ಟಲೆ ಬೆಳೆದಿದ್ದು ಹವಾಯಿಯಲ್ಲಿ ತಾಯಿಯ ಅಪ್ಪ-ಅಮ್ಮನ ಹತ್ರ. ಅಜ್ಜಿ ಮ್ಯಾಡೆಲಿನ್ ಡನ್‌ಹ್ಯಾಮ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನ ತಯಾರಾಗೋ ಫ್ಯಾಕ್ಟರಿಯಲ್ಲಿ ದುಡಿದೋರು, ಆಮೇಲೆ ಬ್ಯಾಂಕ್ ಸೇರಿ 1970ರಲ್ಲಿ ಅಲ್ಲಿನ ಮೊದಲ ಮಹಿಳಾ ವೈಸ್ ಪ್ರೆಸಿಡೆಂಟ್‌ಗಳಲ್ಲಿ ಒಬ್ಬರಾದ್ರು, ಅವರಿಗೆ ಡಿಗ್ರಿ ಇರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಚುನಾವಣೆ ಇನ್ನೇನು ಬಂತು ಅನ್ನೋವಾಗ ಮೊಮ್ಮಗ ಪ್ರಚಾರ ನಿಲ್ಲಿಸಿ ವಿಮಾನ ಹತ್ತಿ ಅಜ್ಜಿ ನೋಡೋಕೆ ಹೋದ್ರು. ಮತದಾನ ನವೆಂಬರ್ 4ಕ್ಕೆ, ಅಜ್ಜಿ ಅದಕ್ಕೆ ಮುಂಚೆನೇ ತೀರಿಕೊಂಡ್ರು, ಮೊಮ್ಮಗ ಗೆದ್ದಿದ್ದು ನೋಡಲಿಲ್ಲ. ಅಷ್ಟು ದೊಡ್ಡ ಚುನಾವಣೆಯ ಕೊನೇ ದಿನಗಳಲ್ಲಿ ಒಂದೊಂದು ಗಂಟೆಗೂ ಲೆಕ್ಕ ಇರುತ್ತಲ್ಲ, ಅದನ್ನ ಬಿಟ್ಟು ಹೋಗಿದ್ದು ನನಗೆ ಯಾವ ಭಾಷಣಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಎಡಗೈಬರಹ

ಎಲ್ಲರದೂ ಓದ್ತಾ ಇದೀನಿ, ಒಂದೊಂದಕ್ಕೂ ಉತ್ತರ ಬರೀಬೇಕು ಅನ್ಸುತ್ತೆ. ನಿವೃತ್ತ ಸರ್ ಹೇಳಿದ್ದಕ್ಕೆ ಸೇರಿಸ್ತೀನಿ, ಅಜ್ಜ ಎಡಗೈಯಲ್ಲಿ ಬರೆಯೋಕೆ ಶುರು ಮಾಡಿದ್ಮೇಲೆ ನಮ್ಮಮ್ಮ ಮನೆಯ ಖರ್ಚಿನ ಲೆಕ್ಕ ಮತ್ತೆ ಅವರಿಗೇ ಒಪ್ಪಿಸಿದ್ರು. ಒಂದು ಪುಟ ಬರೆಯೋಕೆ ಎಷ್ಟೋ ಹೊತ್ತು ಹಿಡೀತಿತ್ತು, ಅಮ್ಮನಿಗಾದ್ರೆ ಎರಡು ನಿಮಿಷದ ಕೆಲಸ. ಆದ್ರೂ ಅಮ್ಮ ಒಂದು ದಿನಾನೂ "ನಾನು ಬರೀತೀನಿ ಕೊಡಿ" ಅನ್ನಲಿಲ್ಲ. ಈಗ ಬರೀತಾ ಬರೀತಾ ಅನ್ಸುತ್ತೆ, ಆ ಕಥೆಯಲ್ಲಿ ಅಮ್ಮನ ಪಾಲೂ ದೊಡ್ಡದೇ.

ಸಂಜೆಗಾಳಿ

ಎಲ್ಲರಿಗೂ ಥ್ಯಾಂಕ್ಸ್. ಮೂರನೇಮಹಡಿ ಅವರ ಮಾತು ತಲೆಯಲ್ಲಿ ಕೊರೀತಾನೇ ಇತ್ತು, ಅಮ್ಮನ ಹತ್ರ ಕೂತೆ. ನೈಟ್‌ಡ್ಯೂಟಿ ಅವರು ಹೇಳಿದ ಹಾಗೇ ಚಿಕ್ಕದರಿಂದ ಶುರು ಮಾಡಿದೆ, ಅಮ್ಮಾ ಕಾಲೇಜಲ್ಲಿ ನಿನ್ನ ಪಕ್ಕ ಕೂರ್ತಿದ್ದೋರು ಯಾರು ಅಂತ. ಅಮ್ಮ ಹೆಸರು ಹೇಳಿದ್ರು, ಅವರ ಜಡೆ ಹೇಗಿತ್ತು, ಯಾವ ಸಬ್ಜೆಕ್ಟ್‌ಗೆ ಯಾರು ನೋಟ್ಸ್ ಕೊಡ್ತಿದ್ರು ಎಲ್ಲಾ ಹೇಳಿದ್ರು. ಕಾಲೇಜು ಬಿಡಿಸಿದ ದಿನ ಪುಸ್ತಕ ವಾಪಸ್ ಕೊಡೋಕೂ ಹೋಗೋಕಾಗಲಿಲ್ಲವಂತೆ, ಲೈಬ್ರರಿ ಪುಸ್ತಕ ಒಂದು ಇನ್ನೂ ಅವರ ಹತ್ರಾನೇ ಇದೆ, ಬೀರುವಿನ ಕೆಳಗಿನ ಅರೆಯಲ್ಲಿ, ನಾನು ಇಷ್ಟು ವರ್ಷ ಅದು ನನ್ನ ಪುಸ್ತಕ ಅನ್ಕೊಂಡಿದ್ದೆ.

ತಾತ ನನಗೆ ಹೀರೋ ಅಂದ್ರೆ ನಿನಗೆ ಬೇಜಾರಾಗುತ್ತಾ ಅಂತ ನೇರವಾಗಿ ಕೇಳಿದೆ. ಅಮ್ಮ ಹೇಳಿದ್ದು ಇದ್ದ ಹಾಗೇ ಹಾಕ್ತೀನಿ: "ನಿನ್ನ ಓದಿಸಿದ್ರಲ್ಲ, ಅದು ನಂಗೆ ಖುಷಿನೇ. ಆದ್ರೆ ನಿನ್ನ ಓದಿಸಿದ ಮಾತ್ರಕ್ಕೆ ನನ್ನದು ಸರಿಹೋಯ್ತು ಅಂತ ಅನ್ಕೋಬೇಡ. ಅದು ಬೇರೆ, ಇದು ಬೇರೆ."

ನನಗೆ ಅದರಿಂದ ಭಾರ ಇಳೀತು ಅಂತ ಹೇಳಲ್ಲ, ಆದ್ರೆ ಈಗ ಒಂದು ಗೊತ್ತಾಯ್ತು, ಎರಡರಲ್ಲಿ ಒಂದನ್ನ ಆರಿಸ್ಕೋಬೇಕಾಗಿಲ್ಲ. ತಾತ ನನಗೆ ಕಲಿಸಿದ್ದನ್ನ ಬಿಡಲ್ಲ. ಹೆಣ್ಣುಮಗು ಓದ್ತೀನಿ ಅಂದಾಗ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಹೂಂ ಅನ್ನಬೇಕು ಅನ್ನೋದನ್ನ ನಾನು ಕಲಿತಿದ್ದು ಅವರ ಬಾಯಿಂದಲೇ, ಯಾರೂ ಹೂಂ ಅನ್ನದೆ ಇದ್ರೆ ಏನಾಗುತ್ತೆ ಅನ್ನೋದನ್ನ ಕಲಿತಿದ್ದು ಅಮ್ಮನಿಂದ. ನನ್ನ ಮಗಳಿಗೆ ಮುತ್ತಾತನ ಕಥೆ ಹೇಳುವಾಗ ಚೆಸ್ ಕಥೇನೂ ಹೇಳ್ತೀನಿ, ಕಾಲೇಜಿನ ಕಥೇನೂ ಹೇಳ್ತೀನಿ.

ತಿಮಿಂಗಿಲಪ್ರಿಯ

ಎರಡೂ ಹೇಳಿ, ಖಂಡಿತ ಹೇಳಿ. ಅದೇ ಎಮರಿ ಯೂನಿವರ್ಸಿಟಿಯಲ್ಲಿ ಮಾರ್ಷಲ್ ಡ್ಯೂಕ್ ಮತ್ತೆ ರಾಬಿನ್ ಫಿವುಷ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಇಟ್ಟಿದ್ರು, ಅಜ್ಜ-ಅಜ್ಜಿ ಬೆಳೆದಿದ್ದು ಎಲ್ಲಿ ಗೊತ್ತಾ, ಅಪ್ಪ-ಅಮ್ಮ ಮೊದಲು ಭೇಟಿಯಾಗಿದ್ದು ಹೇಗೆ ಗೊತ್ತಾ, ಮನೆಯಲ್ಲಿ ದೊಡ್ಡ ಕಷ್ಟ ಬಂದಿದ್ದು ಗೊತ್ತಾ, ಈ ಥರದ್ದು. ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಜಾಸ್ತಿ, ಆತಂಕ ಕಮ್ಮಿ ಕಂಡುಬಂತು. ಹಾಗಂತ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿಸಿದ್ರೆ ಆಗಲ್ಲ ಅಂತ ಡ್ಯೂಕ್ ಅವರೇ ಹೇಳಿದಾರೆ, ಕಥೆ ಹೇಳ್ತಾ ಕೇಳ್ತಾ ಜೊತೆಗೆ ಕೂರೋ ಅಭ್ಯಾಸದಲ್ಲೇ ಗುಟ್ಟು ಇರೋದು. ಮನೆತನದ ಕಥೆಗಳಲ್ಲಿ ಮಕ್ಕಳಿಗೆ ಹೆಚ್ಚು ಬಲ ಕೊಡೋದು ಬರೀ ಗೆದ್ದ ಕಥೆ ಅಲ್ಲ, ಬರೀ ಸೋತ ಕಥೇನೂ ಅಲ್ಲ, ಏಳುಬೀಳು ಎರಡೂ ಇರೋ ಕಥೆ ಅಂತ ಅವರ ಅಭಿಪ್ರಾಯ.

ನಿವೃತ್ತ

ಸಂಜೆಗಾಳಿ ಮಗಳೇ, ನಿನ್ನ ಅಮ್ಮ ಹೇಳಿದ ಮಾತು ಎರಡು ಸಲ ಓದಿದೆ. ನಮ್ಮ ತಲೆಮಾರಿನ ಗಂಡಸರು ಆ ಮಾತು ಕೇಳಿಸ್ಕೊಳ್ಳಬೇಕು. ಅಮ್ಮನಿಗೆ ಈಗಲೂ ಓದೋ ಆಸೆ ಇದೆಯಾ ಕೇಳಮ್ಮ. ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಮಾಡೋಕೆ ವಯಸ್ಸಿನ ಮಿತಿ ಅಡ್ಡ ಬರಲ್ಲ, ನನ್ನ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ರಿಟೈರ್ ಆದ್ಮೇಲೆ ಮುಗಿಸಿದ್ರು.

ಸಂಜೆಗಾಳಿ

ಕೇಳ್ತೀನಿ ಸರ್, ಇವತ್ತೇ ಕೇಳ್ತೀನಿ.

ದಾರಿಹೋಕ

ಅಪ್ಪನ್ನ ಕೇಳಿದೆ! ತಾತನ ಬಗ್ಗೆ ಅಪ್ಪ ಒಂದೂವರೆ ಗಂಟೆ ಮಾತಾಡಿದ್ರು, ನಮ್ಮಪ್ಪ ಸಾಮಾನ್ಯವಾಗಿ ಹೂಂ ಊಹೂಂ ಬಿಟ್ರೆ ಮಾತಾಡೋರಲ್ಲ. ತಾತ ಸಾಲ ತೀರಿಸಿದ ದಿನ ಸಾಲ ಕೊಟ್ಟವರ ಮನೆಗೆ ಮಕ್ಕಳನ್ನೆಲ್ಲ ಕರ್ಕೊಂಡು ಹೋಗಿ, ಇವರು ನಮಗೆ ಕಷ್ಟಕ್ಕಾದೋರು ಅಂತ ಪರಿಚಯ ಮಾಡಿಸಿದ್ರಂತೆ. ಸಾಲ ಮಾಡಿದ್ದನ್ನ ಎಲ್ಲರೂ ಮುಚ್ಚಿಡ್ತಾರೆ, ಇವರು ಮಕ್ಕಳಿಗೇ ತೋರಿಸಿದ್ರು. ಪೂರ್ತಿ ಆಮೇಲೆ ಬರೀತೀನಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ನೈಟ್‌ಡ್ಯೂಟಿ ಅಕ್ಕಾ, ಫೋನ್ ರೆಕಾರ್ಡಿಂಗ್ ಸಾಕಾ ಇಲ್ಲಾ ಬೇರೆ ಏನಾದ್ರೂ ಬೇಕಾ?

ನೈಟ್‌ಡ್ಯೂಟಿ

ಫೋನೇ ಸಾಕು. ಮಾತಾಡೋರ ಹತ್ರ ಟೇಬಲ್ ಮೇಲೆ ಬಟ್ಟೆ ಹಾಸಿ ಇಡಿ, ಫ್ಯಾನ್ ಸದ್ದು ಇಲ್ಲದಿರಲಿ, ರೆಕಾರ್ಡ್ ಮಾಡ್ತಿದೀನಿ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಿ. ಶುರುವಲ್ಲೇ ಇವತ್ತಿನ ತಾರೀಖು, ಯಾರು ಯಾರ ಜೊತೆ ಮಾತಾಡ್ತಿದಾರೆ ಅಂತ ಒಂದು ಸಾಲು ಬಾಯಲ್ಲೇ ಹೇಳಿ, ಇಲ್ಲಾಂದ್ರೆ ಹತ್ತು ವರ್ಷ ಆದ್ಮೇಲೆ ಫೈಲ್ ತೆಗೆದವರಿಗೆ ಯಾರ ದನಿ ಅಂತ ತಿಳಿಯಲ್ಲ. ಫೋನ್ ಒಂದರಲ್ಲೇ ಬಿಡ್ಬೇಡಿ, ಇನ್ನೆರಡು ಕಡೆ ಕಾಪಿ ಇಡಿ, ಅತ್ತೆ ಚಿಕ್ಕಪ್ಪ ಇದ್ರೆ ಅವರಿಗೂ ಕಳಿಸಿ, ಅವರು ಕೇಳಿ "ಅದು ಹಾಗಲ್ಲ, ಹೀಗೆ" ಅಂತ ಇನ್ನೊಂದು ಕಥೆ ಹೇಳ್ತಾರೆ, ಅದನ್ನೂ ರೆಕಾರ್ಡ್ ಮಾಡ್ಕೊಳ್ಳಿ. ಮತ್ತೆ ಅಪ್ಪನದ್ದನ್ನೂ ಕೇಳಿ, ಬರೀ ತಾತನದ್ದಲ್ಲ. ನಿಮ್ಮ ಮಕ್ಕಳಿಗೆ ತಾತ ಅವರೇ ತಾನೇ.